ಖಾನಾಪುರದ ಕಾಡು, ಲೋಕಾಪುರದ ಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲೋಕಾಪುರ ಕಡೆಯವನು. ಈಗ ಬಾಗಲಕೋಟೆಯ ನವನಗರದಲ್ಲಿ ಮನೆ. ಕಾಕಾನ ಮಗ ಟಿಪ್ಪರ್ ಓಡಿಸುತ್ತಾನೆ. ಅಕ್ಕನನ್ನು ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಕೊಟ್ಟಿದ್ದೇವೆ. ಹೀಗಾಗಿ ಹಬ್ಬಕ್ಕೆ ಎಲ್ಲರೂ ಸೇರಿದರೆ ಒಂದು ಕಡೆ ಕಲ್ಲಿನ ಮಾತು, ಇನ್ನೊಂದು ಕಡೆ ಕಾಡಿನ ಮಾತು, ನಡುವೆ ಹೋಳಿಗೆ ತಣ್ಣಗಾಗುತ್ತದೆ. ಗಣಿ, ನೆಲದಡಿಯ ಎಣ್ಣೆ (ಪೆಟ್ರೋಲಿಯಂ), ಕಾಡು ಅಂತ ಜನ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ನಮ್ಮದು ಬಯಲುಸೀಮೆ. ಇಲ್ಲಿ ಕಾಡು ಎಲ್ಲಿದೆ, ಗಣಿ ಎಲ್ಲಿದೆ?

ವಿಜಯಪುರದವರು ಹೀಗೆ ಕೇಳಿದರೆ ತಪ್ಪಿಲ್ಲ. ರಾಜ್ಯದಲ್ಲೇ ಕಾಡು ತೀರಾ ಕಡಿಮೆ ಇರುವ ಜಿಲ್ಲೆಗಳಲ್ಲಿ ಅವರದೂ ಒಂದು. ಬೆಳಗಾವಿಯ ಕಥೆ ಬೇರೆ. ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಅಪ್ಪಟ ಸಹ್ಯಾದ್ರಿ ಕಾಡು. 190 ಚದರ ಕಿಲೋಮೀಟರಿನ ಭೀಮಗಡ ಅಭಯಾರಣ್ಯ ಅಲ್ಲೇ ಇದೆ, 2011ರಲ್ಲಿ ಘೋಷಣೆ ಆಯಿತು. ಅದೇ ಸೀಮೆಯ ಗುಡ್ಡಗಳ ನೆತ್ತಿ ಮೇಲೆ ಬಾಕ್ಸೈಟ್ ಕೂಡ ಇದೆ. ಅಲ್ಯೂಮಿನಿಯಂ ಬರುವುದು ಅದರಿಂದಲೇ.

ಬಾಗಲಕೋಟೆಯಲ್ಲಿ ಲೋಕಾಪುರ, ಮುದ್ದಾಪುರ, ಕಲಾದಗಿ ಸುತ್ತ ಸುಣ್ಣದ ಕಲ್ಲು ಮತ್ತು ಡಾಲಮೈಟ್. ಆ ಕಡೆ ಇಳಕಲ್. ಇಳಕಲ್ ಅಂದರೆ ಸೀರೆ ಒಂದೇ ಅಲ್ಲ, ಅಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತದೆ. ಇನ್ನು ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿಕೊಂಡ ಯಡಹಳ್ಳಿ ಚಿಂಕಾರಾ ಅಭಯಾರಣ್ಯ ಇದೆ. ಸುಮಾರು 96 ಚದರ ಕಿಲೋಮೀಟರ್, 2016ರಲ್ಲಿ ಆದದ್ದು. "ಅದೇನ್ ಕಾಡೇನ್ರಿ, ಬರೇ ಜಾಲಿಕಂಟಿ" ಎಂದು ನಗುವವರು ನಮ್ಮಲ್ಲಿ ಬಹಳ. ಚಿಂಕಾರಾ ಅಂದರೆ ಜಿಂಕೆಯಂಥ ಪ್ರಾಣಿ, ಅದಕ್ಕೆ ಬೇಕಾದದ್ದು ಆ ಕಂಟಿಯೇ. ದಟ್ಟ ಕಾಡಿಗೆ ಒಯ್ದು ಬಿಟ್ಟರೆ ಅದು ಬದುಕುವುದಿಲ್ಲ. ನಮ್ಮ ಕಡೆ ಗಣಿಗೆ ಜಾಗ ಕೊಡುವಾಗ ಮೊದಲು ಪೆಟ್ಟು ತಿನ್ನುವುದು ಇಂಥ ಕುರುಚಲು ಕಾಡೇ. ಕಾಗದದಲ್ಲಿ ಅದು "ಪಾಳುಭೂಮಿ" ಅಂತ ಕಾಣುತ್ತದೆ, ಕುರಿ ಕಾಯುವವರ ಹತ್ತಿರ ಯಾರೂ ಕೇಳುವುದಿಲ್ಲ.

ಖಾನಾಪುರದ ಕಾಡು ಉಳಿದರೆ ಬಾದಾಮಿಯ ರೈತನಿಗೆ ಏನು ಲಾಭ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿಂದ ಖಾನಾಪುರ, ಸವದತ್ತಿ ಕಡೆಯ ನವಿಲುತೀರ್ಥ, ರಾಮದುರ್ಗ, ಬಾದಾಮಿ ಸೀಮೆ, ಪಟ್ಟದಕಲ್ಲು, ಐಹೊಳೆ ಎಲ್ಲ ದಾಟಿ 300 ಕಿಲೋಮೀಟರಿಗೂ ಜಾಸ್ತಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಬಾಗಲಕೋಟೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಆದರೆ ನಮಗೆ ಹಬ್ಬ. ಕಣಕುಂಬಿಯಲ್ಲಿ 3,000 ದಾಟುವುದು ಮಾಮೂಲು. ಅಂದರೆ ನಮ್ಮ ಕಾಲುವೆಗೆ ಬರುವ ನೀರು ನಮ್ಮ ಮಳೆಯದ್ದಲ್ಲ, ಆ ಗುಡ್ಡದ್ದು. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದೂ ಇದೇ ನದಿಯ ನೀರನ್ನು.

ಆ ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಕಲ್ಲು ತೂತು ತೂತಾಗಿರುತ್ತದೆ, ನೋಡಿದ್ದೀರಲ್ವಾ? ಬಾಕ್ಸೈಟ್ ಇರುವುದು ಅದರ ಜೊತೆಯಲ್ಲೇ. ನಾಲ್ಕು ತಿಂಗಳ ಮಳೆಯನ್ನು ಅದು ಸ್ಪಂಜಿನ ಹಾಗೆ ಹೀರಿಕೊಂಡು ಯುಗಾದಿಯ ತನಕ ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ. ಆ ಟೊಪ್ಪಿಗೆ ಕಿತ್ತು ಲಾರಿಗೆ ತುಂಬಿದರೆ ಮಳೆ ನಿಲ್ಲುವುದಿಲ್ಲ, ಮಳೆನೀರು ನಿಲ್ಲುವುದು ತಪ್ಪುತ್ತದೆ. ಮಳೆಗಾಲದಲ್ಲಿ ಕೆಸರಿನ ಜೊತೆ ಒಂದೇ ಸಲ ಬಂದು ಹೋಗುತ್ತದೆ, ಬೇಸಿಗೆಗೆ ಝರಿ ಒಣಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇವಸ್ಥಾನದೊಳಗೆ ನುಗ್ಗಿದ್ದನ್ನು ನೋಡಿದವರಿಗೆ ಒಂದೇ ಸಲ ಬರುವ ನೀರು ಎಂಥದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಪ್ರವಾಹಕ್ಕೆ ಗಣಿ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ವರ್ಷದ ಮಳೆಯೇ ಹಾಗಿತ್ತು. ಮೇಲಿನ ಗುಡ್ಡ ಬೋಳಾದರೆ ಅಂಥ ವರ್ಷಗಳು ಇನ್ನೂ ಕಷ್ಟ ಆಗುತ್ತವೆ, ನನ್ನ ಚಿಂತೆ ಅಷ್ಟೇ.

ಮಹದಾಯಿ ಹುಟ್ಟುವುದೂ ಭೀಮಗಡದ ಕಾಡಿನಲ್ಲೇ. ಅದಕ್ಕೆ ಸೇರುವ ಕಳಸಾ-ಬಂಡೂರಿ ಹಳ್ಳಗಳ ನೀರಿಗಾಗಿ ನರಗುಂದ, ನವಲಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ಕೊಟ್ಟಿತು. ಆ ಟಿಎಂಸಿಗಾಗಿ ಇಷ್ಟು ಬಡಿದಾಡುವ ನಾವು ಅದನ್ನು ಹಿಡಿದಿಟ್ಟ ಗುಡ್ಡದ ಬಗ್ಗೆ ಯಾಕೆ ಒಂದು ಮಾತೂ ಆಡುವುದಿಲ್ಲ ಅಂತ ನನಗೆ ಇನ್ನೂ ತಿಳಿದಿಲ್ಲ.

ಭೀಮಗಡದಲ್ಲಿ ಯಾವುದೋ ಬಾವಲಿ ಇದೆಯಂತೆ. ಒಂದು ಬಾವಲಿಗಾಗಿ ಇಷ್ಟೆಲ್ಲಾ?

ರಾಟನ್ ಬಾವಲಿ ಅನ್ನುತ್ತಾರೆ, ಬಾಲ ಚರ್ಮದ ಪೊರೆಯಿಂದ ಹೊರಗೆ ಚಾಚಿರುವ ಜಾತಿ. ಬಾರಾಪೇಡೆ ಗುಹೆಯಲ್ಲಿ ಸಿಕ್ಕಿತು. ಬಹಳ ವರ್ಷ ಜಗತ್ತಿನಲ್ಲಿ ಅದೊಂದೇ ಜಾಗದಲ್ಲಿ ಇದೆ ಎಂದುಕೊಂಡಿದ್ದರು. ಆಮೇಲೆ ಮೇಘಾಲಯ ಮತ್ತು ಕಾಂಬೋಡಿಯಾದಲ್ಲೂ ಸಿಕ್ಕಿತು. ಬಾವಲಿ ಬಿಡಿ, ಭೀಮಗಡ ಒಂದು ಕೊಂಡಿ. ಕೆಳಗೆ ದಾಂಡೇಲಿ ಕಡೆಯ ಕಾಳಿ ಹುಲಿ ಕಾಡು, ಪಕ್ಕದಲ್ಲಿ ಗೋವಾದ ಮಹದಾಯಿ ಅಭಯಾರಣ್ಯ, ಮೇಲೆ ಮಹಾರಾಷ್ಟ್ರದ ರಾಧಾನಗರಿ ಕಡೆಯ ಕಾಡು. ಹುಲಿ ಈ ದಾರಿಯಲ್ಲೇ ಓಡಾಡುತ್ತದೆ. ನಡುವೆ ಒಂದು ಗಣಿ, ಅದಕ್ಕೊಂದು ಲಾರಿ ರಸ್ತೆ ಬಂದರೆ ಕಾಡಿನ ಒಟ್ಟು ಅಳತೆ ಕಾಗದದಲ್ಲಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ದಾರಿ ಮಾತ್ರ ಕಡಿದುಹೋಗಿರುತ್ತದೆ.

ಅಭಯಾರಣ್ಯದ ಪಕ್ಕದಲ್ಲಿ ಗಣಿ ಮಾಡಬಹುದಾ?

ಒಳಗೆ ಆಗುವುದಿಲ್ಲ. ಗಡಿಯಿಂದ 1 ಕಿಲೋಮೀಟರ್ ತನಕವೂ ಆಗುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿದೆ. ಅದರಾಚೆ ಶುರು ಆಗುತ್ತದೆ ಗೊಂದಲ. ಪಶ್ಚಿಮ ಘಟ್ಟಕ್ಕೆ ಕಸ್ತೂರಿರಂಗನ್ ಸಮಿತಿ 2013ರಲ್ಲೇ ವರದಿ ಕೊಟ್ಟಿದೆ. ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದ ಊರುಗಳಲ್ಲಿ ಗಣಿ, ಕಲ್ಲು ಕ್ವಾರಿ, ಉಸುಕು ತೆಗೆಯುವುದು ಬಂದ್ ಮಾಡಬೇಕು ಅನ್ನುತ್ತದೆ ಕೇಂದ್ರದ ಕರಡು ಅಧಿಸೂಚನೆ. ಕರಡಿನ ಮೇಲೆ ಕರಡು ಬಂತು, 2024ರ ಜುಲೈನಲ್ಲಿ ಬಂದದ್ದು ಆರನೆಯದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಖಾನಾಪುರದ ಊರುಗಳವರಿಗೂ ಈ ವರದಿ ಅಂದರೆ ಭಯ. ಮನೆ ಕಟ್ಟಲು ಬಿಡುವುದಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂದು ಯಾರೋ ತಲೆಗೆ ತುಂಬಿದ್ದಾರೆ. ಅಕ್ಕನ ಮಾವನವರ ಹತ್ತಿರ ಕರಡು ತೆಗೆದು ಓದಿ ತೋರಿಸಿದೆ. "ಇದ್ರಾಗ ನಮ್ಮ ಮನಿ ಸುದ್ದಿ ಇಲ್ಲಲ್ಲೋ, ಗಣಿ ಸುದ್ದಿನ ಐತಲ್ಲ" ಅಂದರು. ಹೌದು, ದೊಡ್ಡ ಪೆಟ್ಟು ಬೀಳುವುದು ಗಣಿಗೆ ಮತ್ತು ದೊಡ್ಡ ಕಾರ್ಖಾನೆಗೆ. ಭಯ ಬಿದ್ದದ್ದು ಮಾತ್ರ ಎಮ್ಮೆ ಕಟ್ಟಿಕೊಂಡವರು.

ಕಲಾದಗಿಯ ನೆಲದಡಿ ಎಣ್ಣೆ ಇದೆ ಅಂತಾರಲ್ಲ, ಹೌದಾ?

ಈ ಸುದ್ದಿಗೆ ಒಂದು ಸಣ್ಣ ಬೇರಿದೆ. ಎಣ್ಣೆ, ಗ್ಯಾಸು ಹುಡುಕುವ ಸರ್ಕಾರಿ ಪಟ್ಟಿಯಲ್ಲಿ ದೇಶದ 26 ಜಲಜ ಶಿಲೆಯ (ಪದರು ಪದರಾಗಿ ಕೂತ ಕಲ್ಲಿನ) ಸೀಮೆಗಳಿವೆ. ಅದರಲ್ಲಿ "ಭೀಮಾ-ಕಲಾದಗಿ" ಅಂತ ಒಂದಿದೆ. ನಮಗೆ ಕಲಾದಗಿ ಅಂದರೆ ದಾಳಿಂಬೆ, ಚಿಕ್ಕು. ಭೂವಿಜ್ಞಾನಿಗಳಿಗೆ ಕಲಾದಗಿ ಅಂದರೆ ಬೆಳಗಾವಿಯಿಂದ ಬಾಗಲಕೋಟೆ ತನಕ ಹಾಸಿದ ಹಳೆಯ ಕಲ್ಲಿನ ಪದರು. ಬಾದಾಮಿಯ ಕೆಂಪು ಬಂಡೆ ಅದೇ ಕುಟುಂಬದ್ದು.

ಪಟ್ಟಿಯಲ್ಲಿ ಮೂರು ದರ್ಜೆ ಇವೆ. ಎಣ್ಣೆ ಈಗಾಗಲೇ ಬರುತ್ತಿರುವ ಕಡೆ ಮೊದಲನೆಯದು. ನಮ್ಮದು ಮೂರನೆಯದು. ಸಿಗಬಹುದೇನೋ, ನೋಡಬೇಕು ಅನ್ನುವ ದರ್ಜೆ ಅದು. ನಮ್ಮ ಕಲ್ಲು ನೂರು ಕೋಟಿ ವರ್ಷದ ಆಸುಪಾಸಿನದು, ಕೆಲವು ಪದರು ಇನ್ನೂ ಹಳೆಯವು. ಆಗ ನೆಲದ ಮೇಲೆ ಗಿಡ ಮರ ಇರಲಿಲ್ಲ, ಪ್ರಾಣಿ ಇರಲಿಲ್ಲ, ನೀರಿನಲ್ಲಿ ಪಾಚಿಯಂಥದ್ದು ಇತ್ತು ಅಷ್ಟೇ. ಓಮನ್‌ನಂಥ ಕಡೆ ಬಹಳ ಹಳೆಯ ಕಲ್ಲಿನಲ್ಲೂ ಎಣ್ಣೆ ಸಿಕ್ಕಿದೆ, ಹಾಗಾಗಿ ಪಟ್ಟಿಯಿಂದ ತೆಗೆದಿಲ್ಲ. ನಮ್ಮೂರಲ್ಲಿ ಒಬ್ಬರ ಬೋರ್‌ವೆಲ್ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ತೇಲಿದಾಗ ಊರೇ ಕೂಡಿತ್ತು. ಮೋಟರ್ ಎತ್ತಿ ನೋಡಿದರೆ ಅದರ ಆಯಿಲ್ ಸೋರುತ್ತಿತ್ತು. ಎಕರೆಗೆ ರೇಟು ಏರಿಸಿ ಕೂತವರು ಮರುದಿನ ಸುಮ್ಮನಾದರು.

ಇದೇ ಕಲಾದಗಿ ಪದರಿನಲ್ಲಿ, ಬೈಲಹೊಂಗಲ ತಾಲ್ಲೂಕಿನ ದೇಶನೂರು ಕಡೆ, ಯುರೇನಿಯಂ ಹುಡುಕಾಟ ನಡೆದಿದೆ. ನನಗೆ ಎಣ್ಣೆಗಿಂತ ಆ ಸುದ್ದಿಯ ಮೇಲೆ ಕಣ್ಣು ಜಾಸ್ತಿ.

ಎಣ್ಣೆ ಬಾವಿ ಅಂದರೆ ಒಂದು ತೂತು. ಗಣಿಯಷ್ಟು ಹಾಳು ಮಾಡುವುದಿಲ್ಲ ಅಲ್ವಾ?

ಬಾವಿಯ ಜಾಗ ಸಣ್ಣದು, ನಿಜ. ಅಸ್ಸಾಮಿನ ದಿಗ್ಬೋಯಿಯಲ್ಲಿ 19ನೇ ಶತಮಾನದ ಕೊನೆಯಿಂದಲೂ ಕಾಡಿನ ನಡುವೆ ಎಣ್ಣೆ ತೆಗೆಯುತ್ತಿದ್ದಾರೆ. ಆದರೆ ಬಾವಿ ಒಂದೇ ಬರುವುದಿಲ್ಲ. ಅದಕ್ಕೆ ರಸ್ತೆ, ಪೈಪು, ಉಪ್ಪುನೀರಿನ ಹೊಂಡ, ರಾತ್ರಿಯಿಡೀ ಉರಿಯುವ ಗ್ಯಾಸಿನ ಬೆಂಕಿ ಎಲ್ಲ ಜೊತೆಗೆ ಬರುತ್ತವೆ. ರಸ್ತೆ ಬಂತು ಅಂದರೆ ಮರ ಕದಿಯುವವರು, ಬೇಟೆಯವರು, ಜಾಗ ಹಿಡಿಯುವವರು ಎಲ್ಲರಿಗೂ ಬಾಗಿಲು ತೆರೆದಂತೆ.

ಇನ್ನು ಕೆಟ್ಟ ದಿನ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಅಸ್ಸಾಮಿನ ಬಾಘಜಾನ್ ನೋಡಿ. 2020ರ ಮೇ 27ರಂದು ಅಲ್ಲಿನ ಒಂದು ಬಾವಿಯಿಂದ ಗ್ಯಾಸು ಬುಗ್ಗೆಯಂತೆ ಎದ್ದಿತು. ಪಕ್ಕದಲ್ಲೇ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಮಾಗುರಿ-ಮೋಟಾಪುಂಗ್ ಜೌಗು. ಜೂನ್ 9ರಂದು ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಾವಿ ಪೂರ್ತಿ ಬಂದ್ ಆದದ್ದು ನವೆಂಬರ್ 15ಕ್ಕೆ. ಹೆಚ್ಚು ಕಡಿಮೆ ಐದೂವರೆ ತಿಂಗಳು. ಮೀನು ಹಿಡಿದು ಬದುಕುವವರು ಆ ಐದೂವರೆ ತಿಂಗಳು ಏನು ಮಾಡಬೇಕು?

ಹೊರದೇಶದಲ್ಲಿ ಯಾರಾದರೂ "ಎಣ್ಣೆ ಬೇಡ" ಅಂದದ್ದಿದೆಯಾ?

ಇದೆ. ಈಕ್ವೆಡಾರ್ ದೇಶದ ಯಾಸುನಿ ಕಾಡು, ಅಮೆಜಾನಿನ ಭಾಗ. 2007ರಲ್ಲಿ ಅವರ ಸರ್ಕಾರ "ನೀವೆಲ್ಲ ಸೇರಿ 360 ಕೋಟಿ ಡಾಲರ್ ಕೊಟ್ಟರೆ ನಾವು ಎಣ್ಣೆ ನೆಲದಲ್ಲೇ ಬಿಡುತ್ತೇವೆ" ಎಂದು ಜಗತ್ತಿಗೇ ಹೇಳಿತು. ಕೈಗೆ ಬಂದದ್ದು ಚಿಲ್ಲರೆ ಹಣ. 2013ರಲ್ಲಿ ಆ ಯೋಜನೆ ಕೈಬಿಟ್ಟು ಆಮೇಲೆ ಬಾವಿ ಕೊರೆದರು. ಕೊನೆಗೆ 2023ರ ಆಗಸ್ಟ್ 20ರಂದು ಜನರೇ ಓಟು ಹಾಕಿ, ನೂರಕ್ಕೆ ಸುಮಾರು 59 ಜನ, ನಿಲ್ಲಿಸಿ ಎಂದರು. ಬಾವಿ ಮುಚ್ಚುವುದು ಮಾತ್ರ ಆಮೆ ನಡಿಗೆ. ಬಡ ದೇಶ, ಎಣ್ಣೆ ಮಾರಿಯೇ ಸಂಬಳ ಕೊಡಬೇಕು. ಅವರನ್ನು ಸುಮ್ನೆ ಬೈಯ್ಯಲೂ ನನಗೆ ಮನಸ್ಸಿಲ್ಲ.

ಹಾಗಾದರೆ ನಿಮ್ಮ ಲೆಕ್ಕದಲ್ಲಿ ಸಮತೋಲನ ಅಂದರೆ ಏನು? ಅರ್ಧ ಕಾಡು, ಅರ್ಧ ಗಣಿಯಾ?

ಅಣ್ಣತಮ್ಮಂದಿರು ಬೇರೆ ಆಗುವಾಗ ಹೊಲ ಪಾಲು ಮಾಡುತ್ತಾರೆ. ಬಾವಿಯನ್ನು ಪಾಲು ಮಾಡುತ್ತಾರಾ? ಇಲ್ಲ, ಪಾಳಿ ಹಚ್ಚುತ್ತಾರೆ. ಬಾವಿಗೆ ಗೋಡೆ ಕಟ್ಟಿದರೆ ಇಬ್ಬರಿಗೂ ನೀರಿಲ್ಲ. ಕಣಕುಂಬಿ, ಭೀಮಗಡದಂಥ ಜಾಗ ನಮ್ಮ ಪಾಲಿಗೆ ಬಾವಿ. ಅದನ್ನು ಮೊದಲೇ ಪಾಲಿನಿಂದ ಹೊರಗೆ ಇಡಬೇಕು, ಎಷ್ಟು ಟನ್ ಖನಿಜ ಇದೆ ಎಂದು ಲೆಕ್ಕ ಹಾಕುವ ಮುಂಚೆಯೇ. ಈಗ ನಡೆಯುವುದು ಉಲ್ಟಾ. ಮೊದಲು ಖನಿಜದ ನಕ್ಷೆ ಬರುತ್ತದೆ, ಆಮೇಲೆ ಹರಾಜು, ಆಮೇಲೆ "ಇಲ್ಲಿ ಕಾಡಿದೆಯಲ್ಲ, ಏನು ಮಾಡೋಣ" ಅನ್ನುವ ಮಾತು. ಅಷ್ಟು ಹೊತ್ತಿಗೆ ಯಾರೋ ದುಡ್ಡು ಕಟ್ಟಿರುತ್ತಾರೆ, ಹಿಂದೆ ಸರಿಯುವುದು ಯಾರಿಗೂ ಬೇಡ. ಸಂಡೂರಿನ ದೇವದಾರಿಯಲ್ಲಿ ಆದದ್ದು ನೋಡಿ, 99,330 ಮರ ಕಡಿಯಬೇಕಾಗುವ ಕಬ್ಬಿಣದ ಗಣಿ. ಒಪ್ಪಿಗೆಗಳು ಒಂದೊಂದಾಗಿ ಸಿಕ್ಕ ಮೇಲೆ 2024ರಲ್ಲಿ ಕೇಂದ್ರ ಸಚಿವರು ಒಂದು ಕಡೆ, ರಾಜ್ಯದ ಅರಣ್ಯ ಸಚಿವರು ಇನ್ನೊಂದು ಕಡೆ ನಿಂತು ಎಳೆದಾಡಿದರು.

ಬಾವಿ ಬಿಟ್ಟು ಉಳಿದ ಕಡೆ ಗಣಿ ಮಾಡಲಿ. ಲೋಕಾಪುರದ ಸುಣ್ಣದ ಕಲ್ಲು ಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಕಾಕಾ ಮನೆಗೆ ಸೇರಿಸುವುದಿಲ್ಲ. ಆದರೆ ಗುಂಡಿ ಮುಚ್ಚುವ ಹಣ ಮೊದಲೇ ಬ್ಯಾಂಕಿನಲ್ಲಿ ಇರಬೇಕು. ಗಣಿ ಮುಗಿದ ಮೇಲೆ ಮಾಲೀಕ ಯಾರ ಕೈಗೂ ಸಿಗುವುದಿಲ್ಲ.

ಬಳ್ಳಾರಿ ಕಥೆ ಮುಗಿಯಿತಲ್ಲ, ಈಗ ಯಾಕೆ?

ಗಣಿಯನ್ನು ಬಿಗಿ ಮಾಡಿ ನಡೆಸಬಹುದಾ ಅಂತ ಇಡೀ ದೇಶದಲ್ಲಿ ನೋಡಬೇಕು ಅಂದರೆ ಅಲ್ಲೇ ನೋಡಬೇಕು, ಅದಕ್ಕೆ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2011ರ ವರದಿ ಅಕ್ರಮ ಗಣಿಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು ₹16,085 ಕೋಟಿ ಎಂದು ಲೆಕ್ಕ ಹಾಕಿತು. ಕೋರ್ಟಿಗೆ ಹೋದದ್ದು ನಮ್ಮ ಪಕ್ಕದ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠ ಅವರದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನವನ್ನೂ. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿತು. ಪಕ್ಕದವರ ಜಾಗ ನುಂಗಿದ್ದು ಜಾಸ್ತಿ ಇದ್ದ ಸಿ ದರ್ಜೆಯ 51 ಗುತ್ತಿಗೆಗಳು 2013ರಲ್ಲಿ ರದ್ದಾದವು.

ಉಳಿದವರಿಗೆ ಮೂರು ಕಟ್ಟು. ಒಂದು, ವರ್ಷಕ್ಕೆ ಇಷ್ಟೇ ಅದಿರು ಅನ್ನುವ ಮಿತಿ. ಮೊದಲು 3 ಕೋಟಿ ಟನ್, 2017ರಲ್ಲಿ 3.5 ಕೋಟಿ, 2022ರಲ್ಲಿ 5 ಕೋಟಿ. ಎರಡು, ಪ್ರತಿ ಗಣಿಗೂ ತನ್ನ ಗುಡ್ಡ ರಿಪೇರಿ ಮಾಡುವ ಯೋಜನೆ. ಮೂರು, ಇ-ಹರಾಜಿನಲ್ಲೇ ಮಾರಬೇಕಿತ್ತು (2022ರಲ್ಲಿ ಕೋರ್ಟ್ ಈ ಕಟ್ಟು ಸಡಿಲಿಸಿತು), ಬಂದ ಹಣದಲ್ಲಿ ಒಂದು ಪಾಲು ಊರು-ಪರಿಸರದ ನಿಧಿಗೆ. ಆ ನಿಧಿಯಿಂದ ಸುಮಾರು ₹25,000 ಕೋಟಿಯ ಯೋಜನೆಗೆ 2022ರಲ್ಲಿ ಕೋರ್ಟ್ ಒಪ್ಪಿತು. ಲೆಕ್ಕ ಹಾಕಿ, 2011ರ ಪೆಟ್ಟಿಗೆ ಔಷಧದ ಚೀಟಿ ಪಾಸಾದದ್ದು 2022ರಲ್ಲಿ! ಮಿತಿ ಏರುತ್ತಾ ಹೋಯಿತು ಅನ್ನುವುದನ್ನೂ ಗಮನಿಸಿ. ಆದರೂ ಮಿತಿ ಅನ್ನುವ ವಿಚಾರವೇ ದೊಡ್ಡದು. ಒಂದೊಂದೇ ಗಣಿ ನೋಡಿದರೆ ಎಲ್ಲಾ ಸರಿ ಇರುತ್ತದೆ, ಒಂದೇ ರಸ್ತೆಯಲ್ಲಿ ಅವರೆಲ್ಲರ ಲಾರಿ ಇಳಿದಾಗ ಊರು ಸಾಯುತ್ತದೆ. ನಮ್ಮ ಕಡೆಯ ಕಲ್ಲು ಕ್ವಾರಿಗಳಿಗೂ ತಾಲ್ಲೂಕಿಗೆ ಇಷ್ಟು ಅಂತ ಒಂದು ಮಿತಿ ಬೇಕು ಅನ್ನುವುದು ನನ್ನ ಹಠ.

ಜನ ಹೋರಾಡಿ ಗೆದ್ದ ಉದಾಹರಣೆ ನಮ್ಮ ಹತ್ತಿರ ಇದೆಯಾ?

ಕಪ್ಪತಗುಡ್ಡ. ಗದಗ ಜಿಲ್ಲೆಯದು, ಚಿನ್ನ ಇದೆ ಅಂತ ಎಲ್ಲರ ಕಣ್ಣು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ವಾಪಸ್ ತೆಗೆದುಕೊಂಡರು. ಗದಗಿನಲ್ಲಿ ತೋಂಟದ ಸಿದ್ಧಲಿಂಗ ಶ್ರೀಗಳು ಧರಣಿಗೆ ಕೂತರು, ಸುತ್ತಲಿನ ಜಿಲ್ಲೆಯವರೂ ಹೋದರು. 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ ವನ್ಯಜೀವಿ ಅಭಯಾರಣ್ಯ, 244 ಚದರ ಕಿಲೋಮೀಟರ್. ಕುದುರೆಮುಖ ಇನ್ನೊಂದು. ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಕಬ್ಬಿಣದ ಗಣಿ ನಿಂತಿತು. ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಹಾಗೇ ಕೂತಿದೆ, ಊರು ಖಾಲಿ ಆಗಿದೆ.

ಒಂದು ಮರ ಕಡಿದರೆ ಹತ್ತು ನೆಡ್ತೀವಿ ಅಂತಾರಲ್ಲ?

ನೆಡಲಿ, ಬೇಡ ಅಂದವರ್ಯಾರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನ ಜಾಗ ಗಣಿಗೆ ಕೊಟ್ಟರೆ ಅಷ್ಟೇ ಜಾಗದಲ್ಲಿ ಬೇರೆ ಕಡೆ ಗಿಡ ನೆಡಿಸಬೇಕು. ಜೊತೆಗೆ ಕಾಡಿನ ಈಗಿನ ಬೆಲೆ ಅಂತ ಹೆಕ್ಟೇರಿಗೆ ಸುಮಾರು ₹9.5 ಲಕ್ಷದಿಂದ ₹16 ಲಕ್ಷ ಕಟ್ಟಬೇಕು, ಇದು 2022ರ ದರ. ಸಹ್ಯಾದ್ರಿಯ ನೆತ್ತಿಯ ಕಾಡು ಹೋಗಿ ಅದರ ಬದಲು ಎಲ್ಲೋ ಬಯಲಿನ ಗಾಯರಾಣದಲ್ಲಿ ಸಾಲಾಗಿ ಅಕೇಶಿಯಾ ಬಂದರೆ ಲೆಕ್ಕದ ಪುಸ್ತಕ ಸರಿಯಾಗುತ್ತದೆ, ಮಲಪ್ರಭೆಗೆ ನೀರು ಬರುವುದಿಲ್ಲ. ಮೇಲಾಗಿ ಆ ಗಾಯರಾಣ ಯಾರದ್ದೋ ದನ ಮೇಯುವ ಜಾಗ.

ಕಾಡು ಕಾಡು ಅಂತೀರಿ, ಕೆಲಸ ಯಾರು ಕೊಡ್ತಾರೆ?

ಕಾಕಾನ ಮಗನ ಪ್ರಶ್ನೆ ಇದು, ಹಬ್ಬಕ್ಕೆ ಸಿಕ್ಕಾಗಲೆಲ್ಲ ಕೇಳುತ್ತಾನೆ. ಅವನು ಹೇಳುವುದರಲ್ಲಿ ಸತ್ಯ ಇದೆ. ಸಿಮೆಂಟ್ ಕಾರ್ಖಾನೆ, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕ, ಖಡಿ ಮಷೀನ್, ಲಾರಿ, ಗ್ಯಾರೇಜು, ಚಹಾದಂಗಡಿ ಎಲ್ಲ ಸೇರಿದರೆ ಸಣ್ಣ ಸಂಖ್ಯೆ ಅಲ್ಲ. ಇಲ್ಲಿ ಕೆಲಸ ಇಲ್ಲದಿದ್ದರೆ ಗೋವಾ, ಮಂಗಳೂರು ಅಂತ ದುಡಿಯಲು ಹೋಗಬೇಕು. ನಾನು ವಾಪಸ್ ಕೇಳುವುದು ಇಷ್ಟು. ಕಲ್ಲಿನ ಹುಡಿ ಕುಡಿದು ಎದೆ ಕೆಟ್ಟವನಿಗೆ ಕೊನೆಗೆ ಎಷ್ಟು ಸಿಕ್ಕಿತು? ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿ ಆಗುವುದಿಲ್ಲ. ನೀರು ಹಾಕಿ ಕೊರೆದರೆ ಹುಡಿ ಎಷ್ಟೋ ಕಡಿಮೆ ಆಗುತ್ತದೆ. ಆ ನೀರಿನ ಟ್ಯಾಂಕರಿಗೇ ಜಿಪುಣತನ.

ಗಣಿ ಇರುವ ಊರಿಗೆ ಸರ್ಕಾರದಿಂದ ಹಣ ಬರುತ್ತದಂತೆ, ಎಲ್ಲಿ ಹೋಗುತ್ತದೆ?

ಜಿಲ್ಲಾ ಖನಿಜ ಪ್ರತಿಷ್ಠಾನ, ಜನ ಡಿಎಂಎಫ್ ಅನ್ನುತ್ತಾರೆ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಹಳೆಯ ಗುತ್ತಿಗೆಯವರು ರಾಯಲ್ಟಿಯ ಮೇಲೆ ಅದರ 30 ಪರ್ಸೆಂಟ್, ಹರಾಜಿನಲ್ಲಿ ಪಡೆದವರು 10 ಪರ್ಸೆಂಟ್ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಾಲೆ, ಪರಿಸರ ಇವಕ್ಕೆ ಮೊದಲ ಆದ್ಯತೆ ಅಂತ ನಿಯಮ. ಹಲವು ಕಡೆ ಇದು ಹೈಮಾಸ್ಟ್ ದೀಪ, ಸಿಸಿ ರಸ್ತೆ ಆಗಿ ಮುಗಿಯುತ್ತದೆ. ನಿಮ್ಮ ಗ್ರಾಮಸಭೆಯಲ್ಲಿ "ನಮ್ಮೂರಿಗೆ ಡಿಎಂಎಫ್ ಎಷ್ಟು ಬಂತು" ಅಂತ ಒಮ್ಮೆ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ಸಾರ್ವಜನಿಕ ಆಲಿಕೆ ಸಭೆಗೆ ಹೋದರೆ ಏನಾದರೂ ಆಗುತ್ತದಾ?

ಗಣಿಗೆ ಪರಿಸರ ಒಪ್ಪಿಗೆ ಕೊಡುವ ಮುಂಚೆ ಊರವರ ಮಾತು ಕೇಳುವ ಸಭೆ ಇದು. ನಾನು ಒಂದಕ್ಕೆ ಹೋಗಿದ್ದೆ. ಯಾವ ಕಂಪನಿ ಅಂತ ಬೇಡ. ಶಾಮಿಯಾನ, ಉಪ್ಪಿಟ್ಟು, ಮುಂದಿನ ನಾಲ್ಕು ಸಾಲಿನಲ್ಲಿ ಇಸ್ತ್ರಿ ಅಂಗಿಯ ಗುತ್ತಿಗೆದಾರರು, ಹಿಂದೆ ನಾವು. ಎದ್ದವರೆಲ್ಲ "ಯೋಜನೆ ಬರಲಿ, ಊರು ಉದ್ಧಾರ ಆಗಲಿ" ಅನ್ನುವವರೇ. ಕಂಪನಿಯ ಪರಿಸರ ಪರಿಣಾಮ ವರದಿಯಲ್ಲಿ ನಮ್ಮ ಹಳ್ಳವನ್ನು ಮಳೆಗಾಲದ ಚರಂಡಿ ಅಂತ ಬರೆದಿದ್ದರು. ಕೊನೆಗೆ ಒಬ್ಬ ಕುರುಬರ ಅಜ್ಜ ಎದ್ದು ನಿಂತ. "ಸಾಹೇಬ್ರ, ಅದು ನಮ್ಮ ಕುರಿ ನೀರ ಕುಡಿಯೂ ಹಳ್ಳಾರೀ. ನೀವು ಗಟಾರ ಅಂತ ಬರದೀರಿ. ಗಟಾರದ ನೀರ ಕುಡದ ಕುರಿ ಹಾಲ ನೀವು ಚಾದಾಗ ಕುಡೀತೀರೇನು?" ಸಭೆಯೆಲ್ಲ ನಕ್ಕಿತು, ಆದರೆ ಆ ಮಾತು ವಿಡಿಯೋದಲ್ಲಿ ದಾಖಲಾಯಿತು, ವರದಿ ತಿದ್ದಬೇಕಾಯಿತು.

ಹಾಗಾಗಿ ಹೋಗಿ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಡಿಸಿ ಆಫೀಸಿನಲ್ಲಿ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಡಿಸಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂರುತ್ತಾರೆ. ಇಷ್ಟು ಜನ ಇರಲೇಬೇಕು ಅಂತ ಕೋರಂ ಇಲ್ಲ, ಅಂದರೆ ನೀವು ಹೋಗದಿದ್ದರೂ ಸಭೆ "ಯಶಸ್ವಿ". ಮಾತಾಡಲು ಅಂಜಿಕೆ ಆದರೆ ಬರೆದು ಕೊಡಿ, ಸ್ವೀಕೃತಿ ಸಹಿ ಮತ್ತು ಸೀಲು ಮರೆಯದೆ ತೆಗೆದುಕೊಳ್ಳಿ. "ಗಣಿ ಬೇಡ" ಅಂತ ಕೂಗುವುದಕ್ಕಿಂತ ಸರ್ವೆ ನಂಬರ್ ಹಿಡಿದು, ಇಲ್ಲಿ ಬಾವಿ ಇದೆ, ಇಲ್ಲಿ ಹಳ್ಳ ಇದೆ, ವರದಿಯ ಇಷ್ಟನೇ ಪುಟದಲ್ಲಿ ಅದು ಇಲ್ಲ ಅಂತ ತೋರಿಸಿದರೆ ಅವರಿಗೆ ಉತ್ತರ ಕೊಡದೆ ಗತಿ ಇಲ್ಲ.

ಗ್ರಾಮಸಭೆ "ಬೇಡ" ಅಂದರೆ ಗಣಿ ನಿಲ್ಲುತ್ತದಾ?

ಅರಣ್ಯ ಹಕ್ಕು ಇರುವ ಕಡೆ ನಿಲ್ಲಬಹುದು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ವಿಷಯ ಬಂದಾಗ 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಅಂದಿತು. 12 ಊರುಗಳಲ್ಲಿ ಸಭೆ ಆಯಿತು, ಹನ್ನೆರಡೂ ಬೇಡ ಅಂದವು. ಖಾನಾಪುರದ ಗೌಳಿಗಳಿಗೆ ಇದು ಸುಲಭ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನ ಪಟ್ಟಿಗೆ ಸೇರದವರು 75 ವರ್ಷದಿಂದ ಅಲ್ಲೇ ಇದ್ದೇವೆ ಅಂತ ತೋರಿಸಬೇಕು. ಎಮ್ಮೆ ಹಿಂದೆ ಕಾಡು ಸುತ್ತಿದವರು 75 ವರ್ಷದ ಉತಾರ (ಜಮೀನಿನ ದಾಖಲೆ) ಎಲ್ಲಿಂದ ತರಬೇಕು?

ನಿಮ್ಮ ಮನೆ ಕಲ್ಲಿನದು, ಮೊಬೈಲಿನಲ್ಲಿ ಲೋಹ, ಗಾಡಿಗೆ ಪೆಟ್ರೋಲ್. ಮತ್ತೆ ಈ ಮಾತು?

ಒಪ್ಪಿದೆ. ಅಂಗಳಕ್ಕೆ ಹಾಸಿದ ಪರಸಿ ಕಲ್ಲೂ ಕ್ವಾರಿಯದೇ. ಗಣಿ ಬಂದ್ ಮಾಡಿ ಅಂತ ನಾನು ಎಲ್ಲೂ ಬರೆದಿಲ್ಲ. ಆದರೆ ಹಳೆಯ ಅಲ್ಯೂಮಿನಿಯಂ ಪಾತ್ರೆ ಕರಗಿಸಿ ಮತ್ತೆ ಬಳಸಿದರೆ, ಬಾಕ್ಸೈಟಿನಿಂದ ಹೊಸದು ಮಾಡುವುದಕ್ಕಿಂತ ಸುಮಾರು 95 ಪರ್ಸೆಂಟ್ ಶಕ್ತಿ (ಎನರ್ಜಿ) ಉಳಿಯುತ್ತದೆ. ಬೀದಿಯಲ್ಲಿ "ಹಳೇ ಪಾತ್ರಿ, ಮೋಡಕಾ" ಅಂತ ಕೂಗಿಕೊಂಡು ಬರುವವನು ಈ ಲೆಕ್ಕದಲ್ಲಿ ಸಣ್ಣವನಲ್ಲ.

ಬಿಟ್ಟುಹೋದ ಕ್ವಾರಿ ಗುಂಡಿಗಳನ್ನು ಏನು ಮಾಡೋದು?

ಮೊದಲು ಬೇಲಿ. ನಮ್ಮ ಕಡೆ ಪ್ರತಿ ಮಳೆಗಾಲ ಈಜಲು ಹೋದ ಹುಡುಗರ ಸುದ್ದಿ ಬರುತ್ತದೆ, ಓದಿ ಓದಿ ಬೇಸತ್ತಿದ್ದೇನೆ. ಗುಂಡಿಯ ಗೋಡೆ ನೆಟ್ಟಗೆ ಇರುತ್ತದೆ, ಒಮ್ಮೆ ಬಿದ್ದರೆ ಹತ್ತಲು ಮೆಟ್ಟಿಲಿಲ್ಲ. ಒಂದು ಕಡೆ ಇಳಿಜಾರು ಮಾಡಿ, ಹಳ್ಳದ ನೀರು ತಿರುಗಿಸಿದರೆ ಕೆಲವು ಗುಂಡಿಗಳು ಒಳ್ಳೆಯ ಕೆರೆ ಆಗುತ್ತವೆ. ಊರಿನ ಕಸ ತಂದು ಸುರಿಯುವುದು ಮಾತ್ರ ಬೇಡ, ಕೆಳಗಿನ ಬೋರ್‌ವೆಲ್ ಕೆಡುತ್ತದೆ. ಗುತ್ತಿಗೆ ಮುಗಿಯುವ ಮೊದಲು ಮುಚ್ಚುವ ಯೋಜನೆಯ ನಕಲು ಗಣಿ ಇಲಾಖೆಯಿಂದ ಕೇಳಿ ಇಟ್ಟುಕೊಳ್ಳಿ.

ಬ್ಲಾಸ್ಟಿಂಗ್‌ಗೆ ಮನೆ ಗೋಡೆ ಬಿರುಕು ಬಿಟ್ಟಿದೆ. ಯಾರಿಗೆ ಹೇಳಬೇಕು?

ಜಗಳಕ್ಕೆ ಹೋಗುವ ಮುಂಚೆ ಬಿರುಕಿನ ಎರಡು ತುದಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಆ ದಿನದ ಪೇಪರ್ ಹಿಡಿದು ಫೋಟೋ ತೆಗೆಯಿರಿ. ಸ್ಫೋಟ ಆದ ದಿನ, ಹೊತ್ತು ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾ ಹೋಗಿ, ಹದಿನೈದು ದಿನವಾದರೂ. ಗಣಿ ಸುರಕ್ಷತಾ ನಿಯಮದಲ್ಲಿ ಸಾಮಾನ್ಯ ಮನೆಗಳಿಗೆ ನೆಲದ ಕಂಪನದ ಮಿತಿ ಇದೆ. ನಿಧಾನದ ಕಂಪನಕ್ಕೆ ಸೆಕೆಂಡಿಗೆ 5 ಮಿಲಿಮೀಟರ್, ವೇಗದ ಕಂಪನಕ್ಕೆ ಅದಕ್ಕಿಂತ ಜಾಸ್ತಿ. ಅದನ್ನು ಅಳೆಯುವ ಯಂತ್ರವನ್ನು ನಿಮ್ಮ ಮನೆಯ ಹತ್ತಿರ ಇಡಿಸಿ ಅಂತ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ತಹಶೀಲ್ದಾರರಿಗೆ ಬರೆದು ಕೊಡಿ. ಒಬ್ಬರೇ ಹೋಗಬೇಡಿ, ಓಣಿಯ ಹತ್ತು ಮನೆಯವರ ಸಹಿ ಹಾಕಿಸಿ. ಯಂತ್ರ ಇಟ್ಟ ದಿನ ಅವರು ಸಣ್ಣ ಮದ್ದು ಹಾಕುತ್ತಾರೆ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಆ ನೋಟುಬುಕ್ಕು.